ಪರಮಶಿವಪ್ಪನವರ ಪಾದಯಾತ್ರೆ

"ನಾಳೆಯಿಂದ ಈ ಪರಮಶಿವಪ್ಪ ಆಫೀಸಿಗೆ ನಡೆದೇ ಹೋಗ್ತಾನೆ! ಏನೇ ಆಗ್ಲಿ, ನಡೆದೇ!"

ಸಾಮಂತರನ್ನೆಲ್ಲ ಎದುರಿಗೆ ನಿಲ್ಲಿಸಿಕೊಂಡು ಮಹಾರಾಜರು ಆಜ್ಞೆ ಹೊರಡಿಸುವ ಧಾಟಿಯಲ್ಲಿ ಈ ಮಾತು ಹೊರಬಿದ್ದದ್ದು ಶಿರಾಳಕೊಪ್ಪದ ಹೊರಗೆ, ಸೊರಬ ರಸ್ತೆಯ ಹೊಸ ಬಡಾವಣೆಯ ಒಂದು ಅಡುಗೆಮನೆಯ ಬಾಗಿಲಲ್ಲಿ. ಸಾಮಂತರು ಒಬ್ಬರೇ ಇದ್ದರು: ಧರ್ಮಪತ್ನಿ ನಿರ್ಮಲಮ್ಮ. ಅವರು ತಲೆಯನ್ನೂ ಎತ್ತದೆ ರೊಟ್ಟಿ ಬಡಿಯುತ್ತಲೇ ಕೇಳಿದರು.

"ಯಾಕೆ, ಗಾಡಿ ಕೆಟ್ಟೈತೇನ್ರೀ?"

"ಗಾಡಿ ಕೆಟ್ಟಿಲ್ಲ! ದೇಹ ಕೆಡಬಾರ್ದು ಅಂತ!"

ದೇಹದ ಸಮಾಚಾರ ಹಿಂದಿನ ದಿನವಷ್ಟೇ ಬಯಲಾಗಿತ್ತು. ಬಿಗಿಯಾದ ಪ್ಯಾಂಟನ್ನು ಸಡಿಲ ಮಾಡಿಸಲು ಹೋದಾಗ ಟೈಲರ್ ಆರಿಫ್ ಅದನ್ನು ಒಳಗೂ ಹೊರಗೂ ತಿರುಗಿಸಿ ನೋಡಿ, "ಸಾರ್, ಬಿಡಾಕೆ ಒಳಗೆ ಬಟ್ಟೆನೇ ಉಳಿದಿಲ್ಲ. ಇನ್ನೇನಿದ್ರೂ ಎರಡು ಪ್ಯಾಂಟು ಸೇರಿಸಿ ಒಂದು ಮಾಡ್ಬೇಕು" ಅಂದಿದ್ದ. ಆ ಅವಮಾನದಲ್ಲಿ ಮನೆಗೆ ಬಂದು ಕೂತಾಗಲೇ ಮೊಬೈಲಿಗೆ ಒಂದು ಉದ್ದನೆಯ ವಾಟ್ಸಾಪ್ ಸಂದೇಶ ಬಂದಿತ್ತು: ಕೆಲಸಕ್ಕೆ ನಡೆದು ಹೋಗುವುದರಿಂದ ಆಗುವ ಲಾಭಗಳು! ರಕ್ತ ಶುದ್ಧಿಯಾಗುತ್ತದೆ, ಸೊಂಟ ಇಳಿಯುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ಹೋಗುತ್ತದೆ. ಓದುತ್ತಾ ಹೋದಂತೆ ಪರಮಶಿವಪ್ಪನವರಿಗೆ ಇಷ್ಟು ದಿನ ನಡೆಯದೆ ಬದುಕಿದ್ದೇ ಹೆಚ್ಚು ಅನ್ನಿಸಿಬಿಟ್ಟಿತು.

"ಹೆಂಡ್ತಿಗೆ ಏನು ಲಾಭ ಅಂತ ಬರ್ದಾರೆ ಅದ್ರಾಗೆ?" ನಿರ್ಮಲಮ್ಮ ಕೇಳಿದರು.

"ಅದೊಂದು ಬರೆದಿಲ್ಲ."

"ಹಂಗಾದ್ರೆ ನಾನು ಹೇಳ್ತೀನಿ. ಸ್ಕೂಟರ್ ಕೀ ಇಲ್ಲಿ ಕೊಡ್ರಿ."

ಪರಮಶಿವಪ್ಪನವರು ಒಂದು ಕ್ಷಣ ತಬ್ಬಿಬ್ಬಾದರು. ಅವರ ಲೆಕ್ಕಾಚಾರದಲ್ಲಿ ಎರಡು ದಿನ ನಡೆಯುವುದು, ಮೂರನೆಯ ದಿನ ಆಫೀಸಿನಲ್ಲಿ ಅರ್ಜೆಂಟ್ ಕೆಲಸ ಬರುವುದು, ನಾಲ್ಕನೆಯ ದಿನದಿಂದ ಮತ್ತೆ ಸ್ಕೂಟರ್ ಹತ್ತುವುದು ಎಂದಿತ್ತು. ಕೀ ಹೋದರೆ ವಾಪಸ್ ಬರುವ ದಾರಿಯೇ ಬಂದ್! ಆದರೆ ಆಜ್ಞೆ ಹೊರಡಿಸಿದ ಮಹಾರಾಜರು ಹಿಂದೆ ಸರಿಯುವುದುಂಟೇ? ಕೀ ಕೊಟ್ಟರು. ನಿರ್ಮಲಮ್ಮ ಹಿಟ್ಟಿನ ಕೈಯಲ್ಲೇ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಪರಮಶಿವಪ್ಪನವರು ಶಿರಾಳಕೊಪ್ಪದ ರೈತರ ಸಹಕಾರ ಸಂಘವೊಂದರ ಕಾರ್ಯದರ್ಶಿ. ಗೊಬ್ಬರ ಯಾವಾಗ ಬರುತ್ತದೆ, ಬಂದರೆ ಯಾರಿಗೆ ಮೊದಲು ಎನ್ನುವುದು ಅವರ ಬಾಯಿಂದಲೇ ಬರಬೇಕು. ಇಂಥ ಮನುಷ್ಯ ಬೆಳ್ಳನೆಯ ಹೊಸ ಬೂಟು ಹಾಕಿಕೊಂಡು, ಕೈ ಬೀಸಿಕೊಂಡು ಸೊರಬ ರಸ್ತೆಯಲ್ಲಿ ಹೊರಟರೆ ಊರು ಸುಮ್ಮನಿರುತ್ತದೆಯೇ?

"ಗಾಡಿ ಏನಾತ್ರೀ?" ಕಿರಾಣಿ ಅಂಗಡಿಯವರು ಕೇಳಿದರು. "ಗಾಡಿ ಎಲ್ಲೈತ್ರೀ?" ಹಾಲಿನ ಡೇರಿಯವರು ಕೇಳಿದರು. "ಏನ್ ಸಾರ್, ಮನೆಯಾಗೆ ಏನಾದ್ರೂ ಮಾತು ಬಂತೇನು?" ಎಂದು ಸೈಕಲ್ ಶಾಪಿನವನು ದನಿ ತಗ್ಗಿಸಿ, ಬಹಳ ಮರುಕದಿಂದ ಕೇಳಿದ. ನಡೆದರೆ ಸಿಟ್ಟು ಹೋಗುತ್ತದೆ ಎಂದು ಬರೆದವನು ಈ ರಸ್ತೆಯಲ್ಲಿ ನಡೆದವನಲ್ಲ ಅನ್ನುವುದು ಪರಮಶಿವಪ್ಪನವರಿಗೆ ಮೊದಲ ತಿರುವಿನಲ್ಲೇ ಖಾತ್ರಿಯಾಯಿತು.

ಮೋರಿಕಟ್ಟೆ ದಾಟಿರಲಿಲ್ಲ, ಪಕ್ಕದಲ್ಲಿ ಒಂದು ಬೈಕು ಬಂದು ನಿಂತಿತು. ಬಸ್‌ಸ್ಟ್ಯಾಂಡ್ ಹತ್ತಿರ ಮಿರ್ಚಿ ಮಂಡಕ್ಕಿ ಹೋಟೆಲ್ ಇಟ್ಟಿರುವ ನಾಗರಾಜ್.

"ಹತ್ರಿ ಸಾರ್!"

"ಬೇಡ ನಾಗರಾಜ್. ನಡೆದು ಹೋಗ್ತೀನಿ."

ನಾಗರಾಜ್ ಬೈಕ್ ಆಫ್ ಮಾಡಿ, ಅವರನ್ನು ಬೂಟಿನಿಂದ ತಲೆಯವರೆಗೆ ನೋಡಿ, ಭಕ್ತಿಯಿಂದ ಕೇಳಿದ. "ಹರಕೆ ಹೊತ್ತೀರೇನು ಸಾರ್? ತೊಗರ್ಸಿ ಮಲ್ಲಿಕಾರ್ಜುನನಿಗಾ?"

"ಹರಕೆ ಗಿರಕೆ ಏನಿಲ್ಲ. ಆರೋಗ್ಯಕ್ಕೆ."

"ಅಷ್ಟೇನಾ! ಹರಕೆ ಆಗಿದ್ರೆ ನಾನು ಮಾತಾಡ್ತಿರ್ಲಿಲ್ಲ, ಕೈ ಮುಗಿದು ಹೋಗ್ತಿದ್ದೆ. ಆರೋಗ್ಯ ತಾನೆ? ಹತ್ರಿ ಹತ್ರಿ, ಯಾವ ದೇವ್ರಿಗೂ ಸಿಟ್ಟು ಬರಂಗಿಲ್ಲ!"

ನಮ್ಮ ಕಡೆಯ ಕಾನೂನು ಇದು, ಸ್ವಾಮಿ. ಎಲ್ಲೂ ಬರೆದಿಲ್ಲ, ಆದರೆ ಮೀರಿದವರಿಲ್ಲ. ಪರಿಚಯದವರು ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸಲೇಬೇಕು. ನಿಲ್ಲಿಸದೆ ಹೋದವನಿಗೆ ಸಂಜೆಯೊಳಗೆ "ಸೊಕ್ಕು ಬಂದೈತೆ" ಎಂಬ ಹೆಸರು ಬರುತ್ತದೆ. ಹತ್ತದೆ ಹೋದವನಿಗೆ "ಮನಸ್ಸಿನಾಗೆ ಏನೋ ಇಟ್ಕೊಂಡಾರೆ" ಎಂಬ ಹೆಸರು. ನಡೆಯಲು ಪರವಾನಗಿ ಇರುವುದು ಹರಕೆ ಹೊತ್ತವರಿಗೆ ಮಾತ್ರ. ಪರಮಶಿವಪ್ಪನವರು ಹತ್ತಿದರು. ಹತ್ತಿದ ಮೇಲೆ ಹೋಟೆಲ್ ಮುಂದೆ ಇಳಿಯಬೇಕಾಯಿತು, ಇಳಿದ ಮೇಲೆ "ಒಂದೇ ಒಂದು ಪ್ಲೇಟು ಸಾರ್, ಈಗ ಬಾಣಲೆಯಿಂದ ತೆಗೆದದ್ದು" ಎನ್ನುವುದಕ್ಕೆ ಇಲ್ಲ ಅನ್ನಲಾಗಲಿಲ್ಲ.

ಮರುದಿನ ಅವರು ಗಟ್ಟಿ ಮನಸ್ಸು ಮಾಡಿ ಹೊರಟರು. ಅದೇ ಮೋರಿಕಟ್ಟೆಯ ಹತ್ತಿರ ಗುಲಾಬ್ ಸಾಬರ ಲಗೇಜ್ ಆಟೋ ನಿಂತಿತು. ಗುಲಾಬ್ ಸಾಬರು ಮೆಕ್ಕೆಜೋಳ, ಶುಂಠಿ ವ್ಯಾಪಾರದವರು, ಬೆಳ್ಳಗಿನ ಗಡ್ಡ, ಬೆಣ್ಣೆಯಂಥ ಮನಸ್ಸು.

"ಬೇಡ ಗುಲಾಬ್ ಸಾಬ್, ಸ್ವಲ್ಪ ನಡೀಬೇಕು."

ಗುಲಾಬ್ ಸಾಬರ ಮುಖ ಸಪ್ಪಗಾಯಿತು. "ನಿನ್ನೆ ನಾಗರಾಜಣ್ಣನ ಬೈಕ್ ಹತ್ತಿದ್ರಂತೆ. ನಮ್ಮ ಗಾಡಿಯಾಗೆ ಮೆಕ್ಕೆಜೋಳದ ಧೂಳೈತೆ, ನಿಜ. ಆಗಂಗಿಲ್ಲ ಅಂದ್ರೆ ಆಗಂಗಿಲ್ಲ ಅಂತ ಹೇಳ್ಬಿಡ್ರಿ ಸಾರ್."

ಏನು ಹೇಳುತ್ತೀರಿ ಇದಕ್ಕೆ! ಮುಂದಿನ ಸೀಟಿನ ಧೂಳನ್ನು ತಮ್ಮ ಹೆಗಲ ಟವೆಲಿನಲ್ಲೇ ಒರೆಸಿ ಕೂರಿಸಿಕೊಂಡರು ಗುಲಾಬ್ ಸಾಬರು. ಅವರ ಜೊತೆ ಹೋದರೆ ಮಂಡಿಯ ಮುಂದೆ ಖಾರ ಬಿಸ್ಕತ್ತು, ಚಾ.

ಒಂದು ವಾರ ಕಳೆಯುವುದರೊಳಗೆ ಪರಮಶಿವಪ್ಪನವರು ಹೋರಾಟ ನಿಲ್ಲಿಸಿದರು. ಇನ್ನೊಂದು ವಾರದಲ್ಲಿ ಹೋರಾಟ ಯಾಕೆ ಬೇಕಿತ್ತು ಅನ್ನುವುದೇ ಮರೆತುಹೋಯಿತು. ಮನೆಯ ಗೇಟಿನಿಂದ ತಿರುವಿನವರೆಗೆ ನಿರ್ಮಲಮ್ಮ ನೋಡುತ್ತಿರುವಷ್ಟು ಹೊತ್ತು ಸಿಪಾಯಿಯ ನಡಿಗೆ. ತಿರುವು ದಾಟಿದ ಮೇಲೆ ಮೋರಿಕಟ್ಟೆ. ದೂರದಲ್ಲಿ ಗಾಡಿ ಸದ್ದು ಕೇಳಿದ ಕೂಡಲೇ ಎದ್ದು ನಾಲ್ಕು ಹೆಜ್ಜೆ ಹಾಕುವುದು, ಯಾರಾದರೂ ನಿಲ್ಲಿಸಿದರೆ "ಅಯ್ಯೋ, ನಡೀತಿದ್ದೆನಲ್ಲಪ್ಪ" ಎಂದು ಬೇಜಾರು ಮಾಡಿಕೊಂಡು ಹತ್ತುವುದು! ಸಂಜೆ ಮನೆಗೆ ಬಂದವರು ಹಿತ್ತಲ ನಲ್ಲಿಯಲ್ಲಿ ಮುಖಕ್ಕೆ ನೀರು ಚಿಮುಕಿಸಿಕೊಂಡು, "ಉಸ್ಸಪ್ಪಾ!" ಎಂದು ಕುರ್ಚಿಗೆ ಒರಗುತ್ತಿದ್ದರು.

"ಇಷ್ಟು ನಡೆದ್ರೂ ಹೊಟ್ಟೆ ಮುಂದಕ್ಕೇ ಬರ್ತಾ ಐತಲ್ರೀ?"

"ಅದು ಹೊಟ್ಟೆ ಅಲ್ಲ ನಿರ್ಮಲಾ. ಉಸಿರು ತುಂಬಿಕೊಳ್ಳೋ ಶಕ್ತಿ ಜಾಸ್ತಿ ಆಗೈತೆ."

"ಉಸಿರು ಮಿರ್ಚಿ ವಾಸನೆ ಬರ್ತೈತೆ," ಅಂದರು ನಿರ್ಮಲಮ್ಮ. ಅಂದು ಸುಮ್ಮನಾದರು. ನಿರ್ಮಲಮ್ಮ ಸುಮ್ಮನಾದರೆ ಭಯಪಡಬೇಕು ಎಂದು ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ.

ಇಲ್ಲಿಗೆ ನಿಂತಿದ್ದರೆ ಪ್ಯಾಂಟಿನ ನಷ್ಟದಲ್ಲೇ ಮುಗಿಯುತ್ತಿತ್ತು. ಆದರೆ ಮಗಳು ಚೈತ್ರಶ್ರೀ ನಡುವೆ ಬಂದಳು.

ಚೈತ್ರಶ್ರೀಗೆ ಸೊರಬದ ಒಂದು ಬ್ಯಾಂಕಿನಲ್ಲಿ ಕೆಲಸ. ಪಕ್ಕದ ಕೌಂಟರಿನಲ್ಲಿ ಯತೀಶ. ಇಬ್ಬರಿಗೂ ಮನಸ್ಸಾಗಿತ್ತು, ಎರಡೂ ಮನೆಯಲ್ಲಿ ಹೆಂಗಸರು ಒಪ್ಪಿದ್ದರು. ಒಪ್ಪದೆ ಕೂತಿದ್ದವರು ಯತೀಶನ ಅಪ್ಪ, ಶಿವಶಂಕರ ಮೇಷ್ಟ್ರು. ಇಡೀ ಆಯುಷ್ಯ ಹೈಸ್ಕೂಲ್ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತರಾದ ಪಿ.ಟಿ. ಮೇಷ್ಟ್ರು, ಕೊರಳಲ್ಲಿ ಇವತ್ತಿಗೂ ಸೀಟಿ. ಜಾತಕ ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ನಿನ್ನ ತಂದೆ ಏನು ವ್ಯಾಯಾಮ ಮಾಡ್ತಾರೆ?"

ಚೈತ್ರಶ್ರೀ ಹೆಮ್ಮೆಯಿಂದ ಹೇಳಿಬಿಟ್ಟಳು. "ನಮ್ಮಪ್ಪ ದಿನಾ ಆಫೀಸಿಗೆ ನಡೆದೇ ಹೋಗ್ತಾರೆ!"

ಅವತ್ತು ಸಂಜೆಯೇ ಫೋನ್ ಬಂತು. ಪರಮಶಿವಪ್ಪನವರು ಸ್ಪೀಕರ್ ಹಾಕಿದ್ದರು, ಮನೆಮಂದಿಯೆಲ್ಲ ಸುತ್ತ ನಿಂತಿದ್ದರು.

"ನಮಸ್ಕಾರ ಮಾರಾಯ್ರೇ! ನಿಮ್ಮಂಥವರನ್ನೇ ಹುಡುಕ್ತಾ ಇದ್ದೆ ನಾನು. ಕಾಲು ನೆಟ್ಟಗಿದ್ದವರ ಮಾತು ನೆಟ್ಟಗಿರ್ತದೆ. ಹೀಗೆ ಮಾಡುವ. ಬರುವ ಭಾನುವಾರ ನಾನು ಸೊರಬದಿಂದ ನಡೆದು ಬರ್ತೇನೆ, ನೀವು ಶಿರಾಳಕೊಪ್ಪದಿಂದ ನಡೆದು ಬನ್ನಿ. ಅರ್ಧ ದಾರೀಲಿ, ಆ ಹುಣಸೆಮರದ ತಿರುವಿನಲ್ಲಿ ಕೂತು ಮದುವೆ ಮಾತು ಪಕ್ಕಾ ಮಾಡುವ. ಆಗಬಹುದಲ್ಲ?"

ಅರ್ಧ ದಾರಿ! ಮೋರಿಕಟ್ಟೆಯಿಂದಾಚೆ ಸ್ವಂತ ಕಾಲಿನಲ್ಲಿ ಹೋಗದ ಮನುಷ್ಯನಿಗೆ ಅರ್ಧ ದಾರಿ! ಪರಮಶಿವಪ್ಪನವರು "ಅದು... ಬಿಸಿಲು..." ಅನ್ನುವಷ್ಟರಲ್ಲಿ ನಿರ್ಮಲಮ್ಮ ಫೋನಿಗೆ ಬಾಯಿ ಹಾಕಿದರು. "ಆಗ್ತೈತ್ರೀ ಬೀಗರೇ! ಅವರಿಗೆ ಅದೆಷ್ಟರದು! ನೀವು ಹೊರಡ್ರಿ. ನಾನು ತಿಂಡಿ ಕಟ್ಟಿಕೊಂಡು ಗಾಡಿ ಮೇಲೆ ಹಿಂದಿಂದ ಬರ್ತೀನಿ."

ರಾತ್ರಿ ಊಟಕ್ಕೆ ಕೂತಾಗ ಚೈತ್ರಶ್ರೀ ಪಕ್ಕದಲ್ಲಿ ಬಂದು ಕೂತಳು. "ಅಪ್ಪಾಜಿ, ಅವರು ಬೇರೆ ಏನೂ ಕೇಳ್ಲಿಲ್ಲ. ಸುಳ್ಳು ಹೇಳೋರನ್ನ ಕಂಡ್ರೆ ಮಾತ್ರ ಆಗಲ್ಲ ಅಂದ್ರು. ನನಗೇನು ಭಯ ಇಲ್ಲ, ನೀವಿದೀರಲ್ಲ" ಅಂದು ಅವರ ತೋಳಿಗೆ ತಲೆ ಆನಿಸಿದಳು. ಪರಮಶಿವಪ್ಪನವರಿಗೆ ಬಾಯಲ್ಲಿದ್ದ ತುತ್ತು ಒಳಗೂ ಹೋಗದು, ಹೊರಗೂ ಬಾರದು. ಎಂಥ ಮಗಳಿಗೆ ಎಂಥ ಅಪ್ಪ ನಾನು ಎಂದುಕೊಂಡರು. ಭಾನುವಾರ ಪ್ರಾಣ ಹೋದರೂ ನಡೆಯುವುದೇ ಸೈ ಎಂದು ತೀರ್ಮಾನಿಸಿದರು. ಈ ಸಲ ತೀರ್ಮಾನವನ್ನು ಯಾರಿಗೂ ಕೂಗಿ ಹೇಳಲಿಲ್ಲ, ಅದಕ್ಕೇ ಅದು ನಿಜವಾದ ತೀರ್ಮಾನವಾಗಿತ್ತು.

ಭಾನುವಾರ ಬೆಳಿಗ್ಗೆ ಅವರು ನಿಜವಾಗಿ ನಡೆದರು! ನಂಬಿ, ನಡೆದರು. ಬಡಾವಣೆ ದಾಟಿ, ಇಟ್ಟಿಗೆ ಭಟ್ಟಿ ದಾಟಿ, ಮೆಕ್ಕೆಜೋಳ ಮುರಿದ ಹೊಲಗಳ ಪಕ್ಕದಲ್ಲಿ ಏದುಸಿರು ಬಿಡುತ್ತಾ ನಡೆದರು. ಬೈಕುಗಳು ನಿಂತವು, ಟ್ರ್ಯಾಕ್ಟರ್ ನಿಂತಿತು, ಎಲ್ಲರಿಗೂ ಕೈ ಮುಗಿದು ಮುಂದೆ ಕಳಿಸಿದರು. ಆದರೆ ಇಷ್ಟು ದಿನ ಗಾಡಿಗಳಲ್ಲಿ ಕೂತು ತಿರುಗಾಡಿದ ಆ ಹೊಸ ಬೂಟಿಗೆ ನಡಿಗೆಯ ಅಭ್ಯಾಸವೇ ಇರಲಿಲ್ಲ. ಹಿಮ್ಮಡಿ ಕಚ್ಚಿತು. ಕಿರುಬೆರಳು ಉರಿಯಿತು. ಕಣ್ಣು ಮಂಜಾಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಕ್ಕರಿಸಿದರು. ಆಗ ಬಂತು ಗುಲಾಬ್ ಸಾಬರ ಆಟೋ, ಶುಂಠಿ ತುಂಬಿಕೊಂಡು ಬರಲು ಸೊರಬಕ್ಕೆ ಹೊರಟದ್ದು.

"ಯಾ ಅಲ್ಲಾ! ಏನ್ ಸಾರ್ ಇಲ್ಲಿ? ಹತ್ರಿ!"

"ಇವತ್ತು ಬೇಡ ಗುಲಾಬ್ ಸಾಬ್. ಇವತ್ತು ನಿಜವಾಗ್ಲೂ ನಡೀಬೇಕು. ಮಗಳ ಮದುವೆ ವಿಷಯ."

"ಮಗಳ ಮದುವೆ ಮಾತಿಗೆ ಹೋಗೋರು ಹಿಂಗೆ ಕುಂಟ್ಕೊಂಡು ಹೋಗ್ತಾರೇನು? ಬೀಗರು ಏನಂದ್ಕೋತಾರೆ? ಕಾಲಿನಾಗೆ ಐಬು ಐತೆ ಅಂತಾರೆ! ಹತ್ರಿ ಮೊದ್ಲು!"

ವಾದ ಗಟ್ಟಿಯಾಗಿತ್ತು. ಪರಮಶಿವಪ್ಪನವರ ಕಾಲು ಅದಕ್ಕಿಂತ ಮೊದಲೇ ಒಪ್ಪಿತ್ತು. ಅವರು ಹತ್ತಿದರು, "ತಿರುವಿಗಿಂತ ಸ್ವಲ್ಪ ಹಿಂದೆನೇ ಇಳಿಸ್ರಿ" ಎಂದು ಬೇಡಿಕೊಂಡರು. ಇಳಿದ ಮೇಲೆ ಬಾಟಲಿಯ ನೀರನ್ನು ಹಣೆಗೆ, ಕಂಕುಳಿಗೆ, ಬೆನ್ನಿಗೆ ಚಿಮುಕಿಸಿಕೊಂಡರು. ರಸ್ತೆಯ ಧೂಳನ್ನು ಎರಡು ಕೈಯಲ್ಲೂ ಬಾಚಿ ಬೂಟಿಗೆ ಸವರಿದರು. ಹುಣಸೆಮರದ ಕೆಳಗೆ ಬಂದು ನೋಡಿದರೆ ಮೇಷ್ಟ್ರ ಸುಳಿವಿಲ್ಲ. ಸದ್ಯ, ಗೆದ್ದೆ! ಎಂದುಕೊಂಡು ಬೂಟಿಗೆ ಇನ್ನೊಂದು ಹಿಡಿ ಧೂಳು ಏರಿಸುತ್ತಿರುವಾಗ ಸೊರಬದ ಕಡೆಯಿಂದ ಪರಿಚಯದ ಹಾರ್ನ್ ಕೇಳಿಸಿತು.

ಗುಲಾಬ್ ಸಾಬರ ಆಟೋ ವಾಪಸ್ ಬರುತ್ತಿತ್ತು! ಮುಂದಿನ ಸೀಟಿನಲ್ಲಿ ಒಬ್ಬರು ಹಿರಿಯರು. ತಲೆಗೆ ಬಿಳಿ ಟೋಪಿ, ಕಾಲಿಗೆ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ. "ಇಲ್ಲೇ ಸಾಕು ಮಾರಾಯ, ತಿರುವಿಗಿಂತ ಹಿಂದೆನೇ ನಿಲ್ಲಿಸು ಅಂದೆನಲ್ಲ!" ಎಂದು ಆ ಹಿರಿಯರು ಕಿರುಚುತ್ತಿದ್ದರು. ಒಬ್ಬರನ್ನು ಅರ್ಧಕ್ಕೆ ಇಳಿಸಿದ್ದೇ ಗುಲಾಬ್ ಸಾಬರ ಮನಸ್ಸಿಗೆ ಒಪ್ಪಿರಲಿಲ್ಲ. ಸೀದಾ ಹುಣಸೆಮರದ ಕೆಳಗೆ, ಪರಮಶಿವಪ್ಪನವರ ಮೂಗಿನ ನೇರಕ್ಕೆ ತಂದು ನಿಲ್ಲಿಸಿದರು.

"ನೋಡ್ರಿ ಸಾರ್, ಪಾಪ, ಈ ಹಿರಿಯರೂ ನಿಮ್ಮಂಗೇ ಕಲ್ಲಿನ ಮೇಲೆ ಕುಂತಿದ್ರು. ಬಿಟ್ಟು ಹೋಗಾಕೆ ಮನಸ್ಸಾಗ್ಲಿಲ್ಲ, ಗಾಡಿನೇ ತಿರುಗಿಸ್ಕೊಂಡು ಬಂದೆ. ಹಿರಿಯರೇ, ಇವರೇ ನಮ್ಮ ಪರಮಶಿವಪ್ಪ ಸಾರ್! ದಿನಾ ನಮ್ಮ ಗಾಡಿಯಾಗೇ ಓಡಾಡ್ತಾರೆ, ಒಂದಿನಾನೂ ಬೇರೆ ಭಾವ ಮಾಡಿಲ್ಲ!"

ಪರಮಶಿವಪ್ಪನವರ ಕೈಯಿಂದ ಧೂಳು ಜಾರಿತು. ಹೋಯಿತು! ಮಗಳ ಮದುವೆ ಹೋಯಿತು! ಚೈತ್ರಶ್ರೀಯ ಮುಖ ಕಣ್ಣ ಮುಂದೆ ಬಂದು ಅವರಿಗೆ ನಿಜವಾದ ಬೆವರೇ ಬಂತು. ತಲೆ ಎತ್ತಿ ನೋಡಿದರೆ ಮೇಷ್ಟ್ರ ಹಣೆಯಲ್ಲೂ ನೀರು, ಅಂಗಿಯ ಬೆನ್ನಲ್ಲೂ ನೀರು. ಕೈಯಲ್ಲಿ ಬಾಟಲಿ!

ಇಬ್ಬರೂ ಒಬ್ಬರ ಬೂಟನ್ನು ಒಬ್ಬರು ನೋಡಿಕೊಂಡರು.

"ಮಂಡಿ ನೋವು, ಮಾರಾಯ್ರೇ," ಅಂದರು ಮೇಷ್ಟ್ರು, ಕೊನೆಗೆ. "ಸರ್ವಿಸ್‌ನಲ್ಲಿದ್ದಾಗಲೂ ನಾನು ಮೈದಾನದ ಮಧ್ಯೆ ನಿಂತು ಸೀಟಿ ಊದ್ತಿದ್ದೆ, ಓಡ್ತಿದ್ದದ್ದು ಮಕ್ಕಳು. ಈಗ ಮನೇಲಿ ಕುರ್ಚಿ ಮೇಲೆ ಕೂತು ಊದ್ತೇನೆ, ಅಂಗಳದಲ್ಲಿ ನಡೆಯೋದು ನಮ್ಮ ಯಜಮಾನ್ತಿ. ನೀವು ದಿನಾ ನಡೀತೀರಿ ಅಂತ ಕೇಳಿ ನಾಚಿಕೆ ಆಯ್ತು, ಹುರುಪಲ್ಲಿ ಹೇಳಿಬಿಟ್ಟೆ."

"ನನಗೂ ಹಿಮ್ಮಡಿ, ಬೀಗರೇ!" ಅಂದರು ಪರಮಶಿವಪ್ಪನವರು. ಆಮೇಲೆ ಇಬ್ಬರೂ ನಕ್ಕರು ನೋಡಿ! ಹುಣಸೆಮರದ ಕಾಗೆಗಳು ಹಾರಿಹೋಗುವಷ್ಟು ನಕ್ಕರು. ಮಾತು ಪಕ್ಕಾ ಆಯಿತು. ಯಾರು ಕೇಳಿದರೂ ಇಬ್ಬರೂ ನಡೆದೇ ಬಂದದ್ದು, ಈ ಗುಟ್ಟು ಇಬ್ಬರ ಮನೆಗೂ ಗೊತ್ತಾಗಕೂಡದು ಎಂದು ಕೈ ಮೇಲೆ ಕೈ ಹಾಕಿ ಆಣೆಯೂ ಆಯಿತು.

ಆಣೆಯ ಕೈ ಇನ್ನೂ ಬಿಟ್ಟಿರಲಿಲ್ಲ, ಸ್ಕೂಟರ್ ಬಂದು ನಿಂತಿತು. ನಿರ್ಮಲಮ್ಮ ಹೆಲ್ಮೆಟ್ ತೆಗೆದರು. ಆಗಷ್ಟೇ ಹೊರಟಿದ್ದ ಗುಲಾಬ್ ಸಾಬರು ಆಟೋದಿಂದ ತಲೆ ಹೊರಗೆ ಹಾಕಿ, "ಅಮ್ಮಾ, ಏನೂ ಚಿಂತೆ ಮಾಡಬ್ಯಾಡ್ರಿ! ಇಬ್ಬರನ್ನೂ ಸೇಫಾಗಿ ತಂದು ಇಳಿಸೀನಿ!" ಎಂದು ಕೂಗಿ ಸೊರಬದ ಕಡೆ ಹೋದರು.

ನಿರ್ಮಲಮ್ಮ ಕೂಗಾಡಲಿಲ್ಲ. ಸಾವಕಾಶ ಡಬ್ಬಿ ಬಿಚ್ಚಿ, ಬೀಗರಿಗೆ ಬಾಳೆಲೆಯ ಮೇಲೆ ತುಪ್ಪ ಹಾಕಿದ ಹೋಳಿಗೆ ಬಡಿಸಿದರು. ಗಂಡನ ಮುಂದೆ ಹೆಚ್ಚಿದ ಸೌತೆಕಾಯಿ ಇಟ್ಟರು.

"ಮಾತು ಪಕ್ಕಾ ಆತೇನ್ರೀ?"

"ಪಕ್ಕಾ ಆಯ್ತಮ್ಮ!" ಮೇಷ್ಟ್ರು ಅವಸರದಲ್ಲಿ ಅಂದರು.

"ಬಾಳ ಸಂತೋಷ. ಪಕ್ಕಾ ಆದ್ಮೇಲೆ ಬೀಗರು ಹೆಣ್ಣಿನ ಮನೆಗೆ ಬಂದು ಉಂಡು ಹೋಗ್ಬೇಕು. ಅದು ನಮ್ಮ ಪದ್ಧತಿ. ನಡೀರಿ, ಹೋಗಣ."

"ಬಸ್ಸು ಎಷ್ಟು ಹೊತ್ತಿಗೆ..."

"ಬಸ್ಸಾ?" ನಿರ್ಮಲಮ್ಮ ಕೆನ್ನೆಗೆ ಕೈ ಇಟ್ಟುಕೊಂಡರು. "ನೀವಾ ಬೀಗರೇ? ಬಸ್ಸಿನಾಗಾ? ನಿಮ್ಮ ಮನೆಯಾಗೆ ಯಜಮಾನ್ತಿಗೆ ಫೋನ್ ಮಾಡಿ ಕೇಳ್ಲೇನು, ನಿಮಗೆ ಬಸ್ಸು ಹತ್ತಿ ಅಭ್ಯಾಸ ಐತಾ ಅಂತ?"

ಮೇಷ್ಟ್ರು ಗಬಕ್ಕನೆ ಎದ್ದು ನಿಂತರು. ಇಬ್ಬರು ಬೀಗರೂ ಶಿರಾಳಕೊಪ್ಪದ ಕಡೆ ಹೆಜ್ಜೆ ಹಾಕಿದರು. ಹಿಂದೆ ಸ್ಕೂಟರ್, ನಡಿಗೆಯ ವೇಗದಲ್ಲಿ!

ಸ್ವಲ್ಪ ದೂರ ಹೋಗುವುದರಲ್ಲಿ ಒಂದು ಕಾರು ನಿಂತಿತು. ಪರಮಶಿವಪ್ಪನವರ ಕಣ್ಣಲ್ಲಿ ದೀಪ ಹತ್ತಿತು. "ಹತ್ರಿ ಸಾರ್..." ಎಂಬ ಮಾತು ಮುಗಿಯುವ ಮೊದಲೇ ಹಿಂದಿನಿಂದ ನಿರ್ಮಲಮ್ಮ ದನಿ ಎತ್ತಿದರು. "ಹತ್ತಂಗಿಲ್ರೀ! ಹರಕೆ ಐತೆ! ತೊಗರ್ಸಿ ಮಲ್ಲಿಕಾರ್ಜುನನಿಗೆ!"

ಕಾರಿನವರು ಕೈ ಮುಗಿದು ಹೋದರು. ಬೈಕಿನವರು ಕೈ ಮುಗಿದು ಹೋದರು. ಇಷ್ಟು ದಿನ ಪರಮಶಿವಪ್ಪನವರನ್ನು ನಡೆಯಲು ಬಿಡದ ಊರು ಒಂದೇ ಒಂದು ಮಾತಿಗೆ ದಾರಿ ಬಿಟ್ಟಿತು. ಟ್ರ್ಯಾಕ್ಟರಿನಲ್ಲಿ ಬಂದ ಒಬ್ಬ ಮುದುಕಿ ಮಾತ್ರ ಕೈ ಮುಗಿದವಳು ಕೆಳಗೆ ನೋಡಿ ಬೆಚ್ಚಿದಳು. "ಅಯ್ಯೋ ಶಿವನೇ, ಹರಕೆ ಅಂತೀರಿ, ಬೂಟು ಹಾಕ್ಕೊಂಡೀರಲ್ಲಪ್ಪ!"

"ಹೌದಲ್ಲ! ಗಡಿಬಿಡಿಯಾಗೆ ಮರೆತಾರೆ ಅಜ್ಜಿ," ಅಂದರು ನಿರ್ಮಲಮ್ಮ. "ಬಿಚ್ರಿ, ಬಿಚ್ರಿ, ಇಬ್ಬರೂ ಬಿಚ್ರಿ!"

ಟಾರು ಕಾದಿತ್ತು. ಬೂಟಿನ ಲೇಸು ಗಂಟು ಹಾಕಿ ಹೆಗಲಿಗೆ ಇಳಿಬಿಟ್ಟುಕೊಂಡು, "ಅಯ್ಯೋ", "ಉಸ್ಸೋ" ಎಂದು ಕುಪ್ಪಳಿಸುತ್ತಾ ಹೊರಟ ಆ ಇಬ್ಬರ ಭಕ್ತಿಯನ್ನು ಕಂಡು ಹೊಲದಲ್ಲಿದ್ದವರೂ ಎದ್ದು ನಿಂತರು. ಬಡಾವಣೆ ಇನ್ನೂ ದೂರವಿದೆ ಅನ್ನುವಾಗ, ಬೆನ್ನ ಹಿಂದೆ ಆ ಹಾರ್ನ್! ಗುಲಾಬ್ ಸಾಬರು ಶುಂಠಿ ತುಂಬಿಕೊಂಡು ವಾಪಸ್ ಬಂದಿದ್ದರು. ಪರಮಶಿವಪ್ಪನವರಿಗೆ ದೇವರನ್ನೇ ಕಂಡಷ್ಟು ಸಂತೋಷವಾಯಿತು.

"ಗುಲಾಬ್ ಸಾಬ್!" ಎಂದು ಎರಡೂ ಕೈ ಚಾಚಿದರು.

"ಹರಕೆ, ಗುಲಾಬಣ್ಣ," ಅಂದರು ನಿರ್ಮಲಮ್ಮ.

ಗುಲಾಬ್ ಸಾಬರ ಕೈ ಗಾಡಿಯ ಬಾಗಿಲ ಮೇಲೇ ನಿಂತಿತು. ಬರಿಗಾಲು ನೋಡಿದರು, ಮುಖ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡರು. "ತಪ್ಪಾತು ಸಾರ್. ಬೆಳಿಗ್ಗೆನೇ ಹೇಳಬಾರ್ದಾಗಿತ್ತೇನು? ಹರಕೆಗೆ ಅಡ್ಡ ಬಂದು ಪಾಪ ಕಟ್ಕೊಂಡೆ. ಇನ್ನು ಮೇಲೆ ನೀವು ರಸ್ತೆಯಾಗೆ ಬಿದ್ದಿದ್ರೂ ನಾನು ಗಾಡಿ ನಿಲ್ಲಿಸಂಗಿಲ್ಲ!"

ಹೊರಡಲು ಮನಸ್ಸು ಬಾರದೆ ಒಂದು ಗಳಿಗೆ ನಿಂತರು. ಪರಿಚಯದವರನ್ನು ರಸ್ತೆಯಲ್ಲಿ ಬಿಟ್ಟು ಬರಿದೇ ಹೋದವರಲ್ಲ ಅವರು. ತಲೆ ಕೆರೆದುಕೊಂಡು ನಿರ್ಮಲಮ್ಮನ ಕಡೆ ತಿರುಗಿದರು.

"ಅಮ್ಮಾ, ಬೂಟು ಏನೂ ಹರಕೆ ಹೊತ್ತಿಲ್ಲವಲ್ಲ?"

"ಇಲ್ಲಪ್ಪ. ಬೂಟಿಗೇನೈತೆ!"

ಗುಲಾಬ್ ಸಾಬರು ಇಬ್ಬರ ಹೆಗಲಿನಿಂದ ಬೂಟುಗಳನ್ನು ಇಳಿಸಿಕೊಂಡರು. ಮುಂದಿನ ಸೀಟಿನ ಧೂಳನ್ನು ಟವೆಲಿನಿಂದ ಒರೆಸಿ, ಎರಡು ಜೊತೆಯನ್ನೂ ಪಕ್ಕಪಕ್ಕದಲ್ಲಿ ಕೂರಿಸಿ, ಬಾಗಿಲು ಹಾಕಿ, ಮನೆಯವರೆಗೆ ಡ್ರಾಪ್ ಕೊಟ್ಟರು.